ಅಲ್ಲ, ಇಲ್ಲ ಮತ್ತು ನಮ್ಮ ಮನೆಮಾತು



ಪ್ರತಿವರ್ಷ ತರಗತಿಗಳು ಶುರುವಾದಾಗ ನಿಮ್ಮಲ್ಲಿ ಯಾರಾದರೂ ಸ್ಟಾಫ್ ರೂಮಿಗೆ ಬಂದು ಹೇಳುತ್ತೀರಿ: "ಮೇಡಂ, ಮನೇಲಿ ಉರ್ದು ಮಾತಾಡ್ತೀವಿ, ಅದಕ್ಕೇ ಕನ್ನಡ ಬರಲ್ಲ." ಆ 'ಅದಕ್ಕೇ' ಎಂಬ ಪದದ ಬಗ್ಗೆ ನನ್ನ ತಕರಾರಿದೆ.

ನಾನು ಬೆಳೆದದ್ದು ಯಲಹಂಕದಲ್ಲಿ. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ನಾಲ್ಕನೇ ತರಗತಿಯಲ್ಲಿದ್ದಾಗ ಒಮ್ಮೆ ಟೀಚರ್, "ನಿಮ್ಮ ತಂದೆ ಮನೆಯಲ್ಲಿದ್ದಾರಾ?" ಎಂದು ಕೇಳಿದರು. ನಾನು, "ಅಪ್ಪ ಅಲ್ಲ ಮಿಸ್" ಎಂದೆ. ಇಡೀ ತರಗತಿ ನಕ್ಕಿತು. ಆ ವರ್ಷ ಪೂರ್ತಿ ನಾನು ಕೈ ಎತ್ತಲಿಲ್ಲ. ಮರುವರ್ಷ ಬಂದ ಮೇಷ್ಟ್ರ ಮುಂದೆಯೂ ಅದೇ ತಪ್ಪು ಮಾಡಿದೆ. ಅವರು ನಗಲಿಲ್ಲ. "ಇದನ್ನೇ ನಿಮ್ಮ ಮನೇಲಿ ಹೇಗೆ ಹೇಳ್ತೀರಮ್ಮ?" ಎಂದು ಕೇಳಿದರು. ಹೇಳುತ್ತಿದ್ದಂತೆ ತಪ್ಪು ಎಲ್ಲಿಂದ ಬಂತೆಂದು ನನಗೇ ಗೊತ್ತಾಯಿತು. ಇವತ್ತು ನಾನು ಪಾಠ ಮಾಡುವ ಕ್ರಮ ಆ ಪ್ರಶ್ನೆಯಿಂದ ಕಲಿತದ್ದು.

1. ಒಂದು 'ನೈ', ಎರಡು ಪದ

ದಖನಿಯಲ್ಲಿ "ಯೇ ಕಿತಾಬ್ ನೈ" ಎನ್ನುವಾಗಲೂ 'ನೈ', "ಕಿತಾಬ್ ನೈ ಹೈ" ಎನ್ನುವಾಗಲೂ 'ನೈ'. ಕನ್ನಡ ಇವೆರಡನ್ನೂ ಬೇರೆ ಮಾಡುತ್ತದೆ. "ಇದು ಪುಸ್ತಕ ಅಲ್ಲ", ಅಂದರೆ ಬೇರೇನೋ. "ಪುಸ್ತಕ ಇಲ್ಲ", ಅಂದರೆ ಪುಸ್ತಕವೇ ಕೈಯಲ್ಲಿಲ್ಲ. ಅನುಮಾನ ಬಂದರೆ ವಾಕ್ಯವನ್ನು ತಿರುಗಿಸಿ ನೋಡಿ. 'ಇದೆ', 'ಇದ್ದಾರೆ' ಹೊಂದಿದರೆ ಅದರ ಎದುರು 'ಇಲ್ಲ'. 'ಹೌದು' ಹೊಂದಿದರೆ 'ಅಲ್ಲ'. ಕ್ರಿಯಾಪದದ ಜೊತೆಗೆ 'ಇಲ್ಲ' ಬರುತ್ತದೆ: ಬರುವುದಿಲ್ಲ, ಓದಲಿಲ್ಲ. ಚೀನೀ ಭಾಷೆಯಲ್ಲೂ ಇಂಥ ಭೇದವಿದೆ: 'ಅಲ್ಲ' ಎನ್ನಲು 'ಬು ಶಿ', 'ಇಲ್ಲ' ಎನ್ನಲು 'ಮೇಯ್ ಯೋ'. ಮುಂದೆ ಯಾರಾದರೂ ಮ್ಯಾಂಡರಿನ್ ಕಲಿತರೆ ಈ ಪಾಠ ಅಲ್ಲಿಯೂ ನೆರವಿಗೆ ಬರುತ್ತದೆ.

2. ಬಸ್ಸು ಬಂದಳೋ, ಬಂತೋ?

ಉರ್ದುವಿನಲ್ಲಿ ಬಸ್, ಕುರ್ಸಿ ಸ್ತ್ರೀಲಿಂಗ; ಘರ್ ಪುಲ್ಲಿಂಗ. ಅದೇ ರೂಢಿಯಲ್ಲಿ "ಹೆಬ್ಬಾಳದ ಬಸ್ಸು ಬಂದಳು" ಎಂದು ಬರೆದವರಿದ್ದಾರೆ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ ಲಿಂಗ: ಬಸ್ಸು ಬಂತು, ಕುರ್ಚಿ ಮುರಿಯಿತು, ಮನೆ ಬಿತ್ತು. ಉರ್ದುವಿನಲ್ಲಿ ಪ್ರತಿ ವಸ್ತುವಿನ ಲಿಂಗ ನೆನಪಿಡುವ ನಿಮಗೆ ಇದು ಸುಲಭದ ಕೆಲಸ.

3. ನಿಮಗೆ ಆಗಲೇ ಗೊತ್ತಿರುವ ಕನ್ನಡ

"ಅಬ್ಬಾ ಆತೂಂ ಬೋಲ್ಕೆ ಬೋಲೆ." ಪದಕ್ಕೆ ಪದ ಇಟ್ಟು ನೋಡಿ: "ಅಪ್ಪ ಬರ್ತೀನಿ ಅಂತ ಹೇಳಿದರು." ಒಂದು ಪದವೂ ಜಾಗ ಬದಲಿಸಲಿಲ್ಲ. ಪುಸ್ತಕದ ಉರ್ದು ಹೀಗಿಲ್ಲ; ಅಲ್ಲಿ 'ಕಹಾ' ಮೊದಲು ಬಂದು, 'ಕಿ' ಸೇರಿ, ಆಮೇಲೆ ಮಾತು ಬರುತ್ತದೆ. ಶತಮಾನಗಳ ಕಾಲ ಕನ್ನಡ, ತೆಲುಗಿನ ನೆರೆಯಲ್ಲಿ ಬಾಳಿದ ದಖನಿ ಈ ಜೋಡಣೆಯನ್ನು ಅವುಗಳಿಂದ ಪಡೆಯಿತು. ಕನ್ನಡವೂ ಪಡೆದುಕೊಂಡಿದೆ: ಹಾಜರಿ, ಅರ್ಜಿ, ರಸೀದಿ, ವಕೀಲ, ಜಿಲ್ಲೆ. ಮೇಲೆ ನಾನು ಬರೆದ 'ತಕರಾರು' ಕೂಡ ಆ ದಾರಿಯಲ್ಲೇ ಬಂದದ್ದು.

ಮನೆಮಾತು ಬೇರೆಯಾದವರು ಕನ್ನಡಕ್ಕೆ ಹೊಸಬರಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರಿಗೂ ಜ್ಞಾನಪೀಠ ಬಂತು. ನಮ್ಮ ಯಲಹಂಕದಿಂದ ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದು, ಕನ್ನಡದ ಕವಿಯಾದರು. ಬಾನು ಮುಷ್ತಾಕ್ ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದರು. ಅವರು ಕನ್ನಡದಲ್ಲಿ ಬರೆದ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಈ ವಾರದ ಅಭ್ಯಾಸ: ಇವತ್ತು ಸಂಜೆ ನಿಮ್ಮ ಅಮ್ಮಿ ಅಥವಾ ದಾದಿ ಆಡಿದ ಐದು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಕೆಳಗೆ ಅದರ ಕನ್ನಡ ಬರೆಯಿರಿ. ಪದಗಳು ಎಲ್ಲಿ ಜೊತೆಯಾಗಿ ನಡೆಯುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಗೆರೆ ಎಳೆಯಿರಿ. ಕನ್ನಡ ಮನೆಮಾತಿನವರು ಉರ್ದು ಗೆಳೆಯರ ಜೊತೆ ಕೂತು ಮಾಡಿ. ತಪ್ಪಿದ್ದರೂ ತನ್ನಿ. ಮನೆಯಲ್ಲಿ ಹೇಗೆ ಹೇಳುತ್ತೀರೆಂದು ನಾನು ಕೇಳುತ್ತೇನೆ.

– ಕನ್ನಡ ಉಪನ್ಯಾಸಕಿ