ಶೆಲ್ ಮುಚ್ಚುವ ಮುನ್ನ
ದೂರದ ಸರ್ವರ್‌ನಲ್ಲಿ ರಾತ್ರಿಯಿಡೀ ನಡೆಯಬೇಕಾದ ಬ್ಯಾಕಪ್ ಶುರುಮಾಡಿ, ಆಜ್ಞೆಯ ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ, ಲ್ಯಾಪ್‌ಟಾಪ್ ಮಡಚಿಡುವವರೇ, ಸ್ವಲ್ಪ ತಾಳಿ. ಆ ಚಿಹ್ನೆ ಕೆಲಸವನ್ನು ಹಿನ್ನೆಲೆಗೆ ಸರಿಸುತ್ತದೆ, ಅಷ್ಟೇ. ಶೆಲ್‌ನೊಂದಿಗಿನ ನಂಟು ಹಾಗೆಯೇ ಇರುತ್ತದೆ.

ಟರ್ಮಿನಲ್ ಮುಚ್ಚಿದಾಗ ಅಥವಾ ಸಂಪರ್ಕ ಕಡಿದಾಗ ಶೆಲ್‌ಗೆ ‘ಸಿಗ್‌ಹಪ್’ ಎಂಬ 1ನೇ ಸಂಖ್ಯೆಯ ಸಿಗ್ನಲ್ ಬರುತ್ತದೆ. ಬ್ಯಾಷ್ ಎಂಬ ಶೆಲ್ ಅದನ್ನು ತನ್ನ ಎಲ್ಲ ಕೆಲಸಗಳಿಗೂ ದಾಟಿಸುತ್ತದೆ. ಅದನ್ನು ತಡೆದುಕೊಳ್ಳುವ ಏರ್ಪಾಡಿಲ್ಲದ ಪ್ರೋಗ್ರಾಂ ಅಲ್ಲಿಗೇ ಮುಗಿಯುತ್ತದೆ. ಆದರೆ ‘ಎಕ್ಸಿಟ್’ ಕೊಟ್ಟು ಹೊರಬಂದರೆ, ಓಡುತ್ತಿರುವ ಕೆಲಸಗಳಿಗೆ ಬ್ಯಾಷ್ ಸಾಮಾನ್ಯವಾಗಿ ಆ ಸಿಗ್ನಲ್ ಕಳಿಸುವುದಿಲ್ಲ. ಇನ್ನೊಂದು ಶೆಲ್ ಆದ ಝಡ್‌ಶೆಲ್ ಮೊದಲು ಎಚ್ಚರಿಸಿ, ಮತ್ತೆ ಹೊರಡಲು ಹೋದರೆ ಕಳಿಸಿಯೇಬಿಡುತ್ತದೆ. ಆದ್ದರಿಂದ ಒಮ್ಮೆ ಉಳಿದ ಕೆಲಸ ಪ್ರತಿ ಸಲವೂ ಉಳಿದೀತೆಂದು ನಂಬಬೇಡಿ.

ಮೊದಲೇ ಯೋಚಿಸಿದ್ದರೆ ಆಜ್ಞೆಯ ಮುಂದೆ ‘ನೋಹಪ್’ ಸೇರಿಸಿ. ಆಗ ಪ್ರೋಗ್ರಾಂ ಆ ಸಿಗ್ನಲ್‌ಗೆ ಕಿವಿಗೊಡುವುದಿಲ್ಲ. ಪರದೆಯ ಮೇಲೆ ಬರಬೇಕಾದದ್ದು ‘ನೋಹಪ್.ಔಟ್’ ಕಡತಕ್ಕೆ ಸೇರುತ್ತದೆ. ಕೆಲಸ ಆಗಲೇ ಶುರುವಾಗಿದ್ದರೆ ಕಂಟ್ರೋಲ್-ಝಡ್ ಒತ್ತಿ, ‘ಬಿಜಿ’ ಕೊಟ್ಟು, ನಂತರ ‘ಡಿಸ್‌ಓನ್’ ಕೊಡಿ. ಆದರೆ ಅದರ ಔಟ್‌ಪುಟ್ ಹಳೆಯ ಟರ್ಮಿನಲ್‌ಗೇ ಅಂಟಿಕೊಂಡಿರುತ್ತದೆ. ಟರ್ಮಿನಲ್ ಹೋದ ಮೇಲೆ ಬರೆಯಲು ಹೋದ ಪ್ರೋಗ್ರಾಂ ಎರರ್ ಕಂಡು ನಿಂತುಬಿಡಬಹುದು.

ಗಂಟೆಗಟ್ಟಲೆ ಹಿಡಿಯುವ ಕೆಲಸಕ್ಕೆ ‘ಟಿಮಕ್ಸ್’ ಅಥವಾ ‘ಸ್ಕ್ರೀನ್’ ಒಳ್ಳೆಯದು. ಸಂಪರ್ಕ ತಪ್ಪಿದರೂ ಅದರಲ್ಲಿ ತೆರೆದ ಸೆಷನ್ ಸರ್ವರ್‌ನಲ್ಲೇ ಇರುತ್ತದೆ. ಮತ್ತೆ ಲಾಗಿನ್ ಆಗಿ ಅದಕ್ಕೆ ಸೇರಿಕೊಳ್ಳಬಹುದು. ಆದರೆ ಲಾಗೌಟ್ ಆದೊಡನೆ ಬಳಕೆದಾರರ ಎಲ್ಲ ಪ್ರೋಗ್ರಾಂಗಳನ್ನೂ ನಿಲ್ಲಿಸುವಂತೆ ಕೆಲವು ಲಿನಕ್ಸ್ ಸರ್ವರ್‌ಗಳಲ್ಲಿ ‘ಸಿಸ್ಟಮ್‌ಡಿ’ಯನ್ನು ಹೊಂದಿಸಿರುತ್ತಾರೆ, ಅಡ್ಮಿನ್ ಅವರನ್ನು ಕೇಳಿಕೊಳ್ಳಿ. ಮುಖ್ಯ ಕೆಲಸ ಒಪ್ಪಿಸುವ ಮುನ್ನ ಚಿಕ್ಕದೊಂದನ್ನು ಓಡಿಸಿ, ಹೊರಬಂದು, ಮತ್ತೆ ಒಳಹೋಗಿ ಪರೀಕ್ಷಿಸಿ.