ಭಾರತ ಪುರುಷರ ಫುಟ್‌ಬಾಲ್ ತಂಡ: ನೆನಪಿಡಬೇಕಾದ ಅಂಶಗಳು

ಆಡಳಿತ ಸಂಸ್ಥೆ: ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಸ್ಥಾಪನೆ: 1937).

ಒಲಿಂಪಿಕ್ಸ್

• 1948, ಲಂಡನ್: ಫ್ರಾನ್ಸ್ ವಿರುದ್ಧ 1-2ರ ಸೋಲು. ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಾಯಕ: ಟಿ. ಆವೊ.

• 1956, ಮೆಲ್ಬರ್ನ್: ನಾಲ್ಕನೇ ಸ್ಥಾನ, ಒಲಿಂಪಿಕ್ಸ್‌ನಲ್ಲಿ ಭಾರತದ ಶ್ರೇಷ್ಠ ಸಾಧನೆ. ಆಸ್ಟ್ರೇಲಿಯಾ ವಿರುದ್ಧ ನೆವಿಲ್ ಡಿಸೋಜ ಹ್ಯಾಟ್ರಿಕ್.

ಏಷ್ಯನ್ ಕ್ರೀಡಾಕೂಟ

• 1951, ದೆಹಲಿ: ಚಿನ್ನ. ಫೈನಲ್‌ನಲ್ಲಿ ಇರಾನ್ ವಿರುದ್ಧ 1-0 ಜಯ. ನಾಯಕ: ಸೈಲೇನ್ ಮನ್ನಾ.

• 1962, ಜಕಾರ್ತ: ಚಿನ್ನ. ದಕ್ಷಿಣ ಕೊರಿಯಾ ವಿರುದ್ಧ 2-1 ಜಯ. ನಾಯಕ: ಚುನಿ ಗೋಸ್ವಾಮಿ; ಕೋಚ್: ಸೈಯದ್ ಅಬ್ದುಲ್ ರಹೀಮ್.

• 1970, ಬ್ಯಾಂಕಾಕ್: ಕಂಚು.

ಇತರ ಸಾಧನೆ

• ಏಷ್ಯಾ ಕಪ್, 1964: ರನ್ನರ್ ಅಪ್.

• ಎಎಫ್‌ಸಿ ಚಾಲೆಂಜ್ ಕಪ್, 2008: ಚಾಂಪಿಯನ್. ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್.

• ಸ್ಯಾಫ್ ಚಾಂಪಿಯನ್‌ಷಿಪ್: 9 ಬಾರಿ ಪ್ರಶಸ್ತಿ. 2023ರ ಫೈನಲ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲುವು.

ಗಮನಿಸಿ: 1950ರ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು, ಆದರೆ ಬ್ರೆಜಿಲ್‌ಗೆ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡದಿದ್ದುದೇ ಕಾರಣ ಎಂಬ ಮಾತನ್ನು ಸಿದ್ಧ ಉತ್ತರವಾಗಿ ಬರೆಯಬೇಡಿ. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯದ ಕೊರತೆ, ಒಲಿಂಪಿಕ್ಸ್‌ಗೆ ಕೊಟ್ಟಿದ್ದ ಆದ್ಯತೆಯನ್ನೂ ಇತಿಹಾಸಕಾರರು ಕಾರಣವಾಗಿ ಗುರುತಿಸುತ್ತಾರೆ. 1951 ಮತ್ತು 1962, ಈ ಎರಡು ಚಿನ್ನದ ವರ್ಷಗಳನ್ನು ಮರೆಯದಿರಿ.