ಕಾಲಿಗೆ ಹರಿಯುವ ರಕ್ತವನ್ನು ಅಳೆಯುವ ಬಗೆ



ಹೊಲಕ್ಕೆ ಹೊರಟು ಒಂದು ಫರ್ಲಾಂಗು ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಬದುವಿನ ಮೇಲೆ ನಾಲ್ಕು ನಿಮಿಷ ಕುಳಿತರೆ ನೋವು ಮಾಯ. ಎದ್ದು ಅಷ್ಟೇ ದೂರ ನಡೆದರೆ ಪುನಃ ಅದೇ ನೋವು. ನಿಮ್ಮಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ವಾಯುವೆಂದೋ ವಯಸ್ಸೆಂದೋ ತಳ್ಳಿಹಾಕಬೇಡಿ. ಕಾಲಿಗೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಹೀಗಾಗುವುದುಂಟು.

ಕಾಲುವೆಯಲ್ಲಿ ಹೂಳು ತುಂಬಿದರೆ ಏನಾಗುವುದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಗದ್ದೆ ಬಿಡುವಾಗಿರುವಾಗ ಸಣ್ಣ ಹರಿವೂ ಸಾಕು. ನಾಟಿಯ ಕಾಲಕ್ಕೆ ಕೊನೆಯ ಗದ್ದೆ ಒಣಗುತ್ತದೆ. ಕಾಲೂ ಹಾಗೆಯೇ. ಕುಳಿತಿರುವಾಗ 100 ಗ್ರಾಂ ಮಾಂಸಖಂಡಕ್ಕೆ ನಿಮಿಷಕ್ಕೆ ಕೆಲವೇ ಮಿಲಿಲೀಟರು ರಕ್ತ ಸಾಕು. ನಡೆಯುವಾಗ ಅದರ ಎಷ್ಟೋ ಪಟ್ಟು ಬೇಕು.

ವೈದ್ಯರು ಮೊದಲು ಮಾಡುವ ಪರೀಕ್ಷೆ ಸುಲಭವಾದದ್ದು. ತೋಳಿನಲ್ಲಿಯೂ ಪಾದದ ಗಿಣ್ಣಿನ ಬಳಿಯೂ ರಕ್ತದೊತ್ತಡ ನೋಡಿ, ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ತೋಳಿನಲ್ಲಿ 140, ಕಾಲಿನಲ್ಲಿ 98 ಇದ್ದರೆ 0.7 ಬರುತ್ತದೆ. 0.9 ಅಥವಾ ಅದಕ್ಕಿಂತ ಕಡಮೆ ಬಂದರೆ ರೋಗವಿದೆಯೆಂದು ಎಣಿಸುತ್ತಾರೆ. ಆದರೆ ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಬಿರುಸಾಗಿ ಈ ಲೆಕ್ಕ ಮೋಸಮಾಡುವುದುಂಟು. ಮೇಲಾಗಿ ಇದು ದೊಡ್ಡ ಕಾಲುವೆಯ ಒತ್ತಡವನ್ನು ತಿಳಿಸುತ್ತದೆಯೇ ಹೊರತು ಗದ್ದೆಗೆ ಎಷ್ಟು ನೀರು ಇಳಿಯಿತೆಂಬುದನ್ನಲ್ಲ.

ಅದನ್ನು ತಿಳಿಯಲು ಎಂ.ಆರ್.ಐ. ಯಂತ್ರ ನೆರವಾಗುತ್ತದೆ. ಇದರಲ್ಲಿರುವುದು ಬಲವಾದ ಅಯಸ್ಕಾಂತ, ಎಕ್ಸ್-ರೇ ಇಲ್ಲ. ರಕ್ತದಲ್ಲಿ ಹೆಚ್ಚಿನ ಪಾಲು ನೀರು ತಾನೆ? ರಕ್ತವು ಮೀನಖಂಡವನ್ನು ಸೇರುವ ಮೊದಲೇ ಆ ನೀರಿನ ಮೇಲೆ ರೇಡಿಯೋ ಅಲೆಗಳಿಂದ ಒಂದು ಅಯಸ್ಕಾಂತದ ಗುರುತು ಹಾಕುತ್ತಾರೆ. ನೀರಗಂಟಿಯು ತೂಬಿನ ಬಳಿ ಹುಲ್ಲುಕಡ್ಡಿ ತೇಲಿಬಿಟ್ಟು ಕೆಳಗೆ ಕಾದು ನೋಡಿದಂತೆ ಎನ್ನಿ. ಗುರುತು ಹಾಕಿ ತೆಗೆದ ಚಿತ್ರ, ಹಾಕದೆ ತೆಗೆದ ಚಿತ್ರ, ಇವೆರಡರ ವ್ಯತ್ಯಾಸದಿಂದ ಮಾಂಸಖಂಡಕ್ಕೆ ಇಳಿದ ರಕ್ತದ ಲೆಕ್ಕ ಸಿಗುತ್ತದೆ. ಗುರುತು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಅಳಿಯುತ್ತದೆ. ಸೂಜಿಮದ್ದು ಬೇಡವಾದ್ದರಿಂದ ಮೂತ್ರಪಿಂಡ ಸೋತವರಿಗೂ ಅನುಕೂಲ. 1992ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಉಪಾಯವನ್ನು ಇಲಿಯ ಮೆದುಳಿನಲ್ಲಿ ಮಾಡಿ ತೋರಿಸಿದರು; ಕಾಲಿಗೆ ಬಂದದ್ದು ಆಮೇಲೆ.

ಸುಮ್ಮನೆ ಮಲಗಿರುವಾಗ ಒಳ್ಳೆಯ ಕಾಲಿಗೂ ರೋಗದ ಕಾಲಿಗೂ ಅಂತರ ಸರಿಯಾಗಿ ಕಾಣದು. ಆದಕಾರಣ ತೊಡೆಗೆ ಗಾಳಿಪಟ್ಟಿ ಬಿಗಿದು, ಸುಮಾರು 5 ನಿಮಿಷ ರಕ್ತವನ್ನು ತಡೆದು, ಒಮ್ಮೆಲೇ ಬಿಡುತ್ತಾರೆ. ಈ 5 ನಿಮಿಷ ಹಿತವಾಗಿರದು, ಅದೂ ನಿಜ. ಒಳ್ಳೆಯ ಕಾಲಿಗೆ ರಕ್ತ ನುಗ್ಗಿಬರುತ್ತದೆ. ರೋಗದ ಕಾಲಿನಲ್ಲಿ ಏರಿಕೆ ನಿಧಾನ, ಏರುವ ಮಟ್ಟವೂ ಕಡಮೆ.

ಈ ಅಳತೆ ಇನ್ನೂ ಬಹುಮಟ್ಟಿಗೆ ಸಂಶೋಧಕರ ಕೈಯಲ್ಲಿದೆ. ಚಿಕಿತ್ಸೆಯಿಂದ ಮಾಂಸಖಂಡಕ್ಕೆ ನಿಜವಾಗಿ ರಕ್ತ ಹೆಚ್ಚಿತೇ ಎಂದು ನೋಡಲು ಇದು ಬೇಕು. ನಿಮಗೆ ಸದ್ಯ ಗಿಣ್ಣಿನ ಪರೀಕ್ಷೆಯೇ ಸಾಕಾಗಬಹುದು. ಎಂದಾದರೂ ಎಂ.ಆರ್.ಐ.ಗೆ ಹೋದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೂ ಮೈಯಲ್ಲಿ ಲೋಹದ ಚೂರಿದ್ದರೂ ಮೊದಲೇ ತಿಳಿಸಿರಿ.

ಬೀಡಿ, ಸಿಗರೇಟು ಈ ರೋಗಕ್ಕೆ ದೊಡ್ಡ ಕಾರಣ; ಇಂದೇ ಬಿಡತಕ್ಕದ್ದು. ವೈದ್ಯರು ಒಪ್ಪಿದರೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ ಮಾಡಿರಿ. ಇದರಿಂದ ನಡೆಯುವ ದೂರ ಹೆಚ್ಚುತ್ತದೆ. ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ಒಂದು ದಿನವೂ ತಡಮಾಡಬೇಡಿ. ತಡವಾದರೆ ಕಾಲನ್ನೇ ತೆಗೆಯಬೇಕಾದೀತು. ಜೋಮು ಹಿಡಿದ ಪಾದಕ್ಕೆ ಕೆಂಡದ ಶಾಖ ಕೊಡಲೇಬೇಡಿ, ಸುಟ್ಟದ್ದೂ ತಿಳಿಯದು. ಆಸ್ಪತ್ರೆಗೆ ಹೊರಡುವ ಮುನ್ನ, ಎಷ್ಟು ಹೆಜ್ಜೆಗೆ ನೋವು ಬರುತ್ತದೆಂದು ಒಮ್ಮೆ ಎಣಿಸಿಕೊಂಡು ಹೋಗಿರಿ. ವೈದ್ಯರು ಅದನ್ನು ಕೇಳುತ್ತಾರೆ.